ಹುಳುಕು ಹಲ್ಲಿನ ಹುಳು

ನಮ್ಮ ಭಾಷೆಯಲ್ಲಿ ಕೆಟ್ಟುಹೋದ ಹಲ್ಲಿಗೆ ಹುಳುಕು ಹಲ್ಲು ಎಂದು ಹೆಸರು. ಮಗು ಕೆನ್ನೆಗೆ ಕೈಯಿಟ್ಟುಕೊಂಡು ಅಳುತ್ತ ಬಂದರೆ ಮನೆಯ ಹಿರಿಯರು ಬೆಳಕಿಗೆ ಬಾಯಿ ತೆರೆಸಿ, ದವಡೆಯಲ್ಲಿ ಕಪ್ಪು ಚುಕ್ಕೆಯೊಂದನ್ನು ಕಂಡು, ‘ಹುಳು ಹಿಡಿದಿದೆ’ ಎಂದುಬಿಡುತ್ತಾರೆ. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ‘ಹಾಲುಹಲ್ಲು ತಾನೆ? ಹೇಗೂ ಬಿದ್ದುಹೋಗುತ್ತದೆ.’ ಮೊದಲನೆಯ ಮಾತು ಅಕ್ಷರಶಃ ಸುಳ್ಳು, ಭಾವಾರ್ಥದಲ್ಲಿ ಅರ್ಧ ನಿಜ. ಎರಡನೆಯದು ಅಕ್ಷರಶಃ ನಿಜ. ಆದರೆ ಎಳೆಯ ಮಕ್ಕಳ ಹಲ್ಲಿಗೆ ಅದರಿಂದ ಆಗಿರುವಷ್ಟು ಕೇಡು ಬೇರೆ ಮಾತಿನಿಂದ ಆಗಿರಲಾರದು.

ಹಾಲುಹಲ್ಲುಗಳು ಒಟ್ಟು 20. ಮೊದಲನೆಯದು ಸುಮಾರು ಆರನೆಯ ತಿಂಗಳಲ್ಲಿ ಮೂಡಿ, ಮೂರು ವರ್ಷ ತುಂಬುವ ಹೊತ್ತಿಗೆ ಇಪ್ಪತ್ತೂ ಬಂದಿರುತ್ತವೆ. ಮುಂದಿನ ಹಲ್ಲುಗಳು ಆರೇಳು ವರ್ಷಕ್ಕೆ ಬೀಳತೊಡಗಿದರೂ ಹಿಂದಿನ ದವಡೆಹಲ್ಲುಗಳು ಹತ್ತು ಹನ್ನೆರಡು ವರ್ಷದವರೆಗೆ ಇರತಕ್ಕವು. ಎಂದರೆ ಎರಡು ವರ್ಷದ ಮಗುವಿನ ದವಡೆಹಲ್ಲು ಇನ್ನೂ ಎಂಟೊಂಬತ್ತು ವರ್ಷ ಅನ್ನ ಅರೆಯಬೇಕು, ಮುಂದೆ ಬರುವ ಹಲ್ಲಿಗೆ ಜಾಗ ಕಾಯ್ದಿಡಬೇಕು. ಅದರ ಮೇಲಿನ ಕವಚವೋ, ದೊಡ್ಡವರ ಹಲ್ಲಿನ ಕವಚಕ್ಕಿಂತ ತೆಳು. ಹುಳುಕು ಬೇಗನೆ ಒಳಗಿನ ನರದವರೆಗೆ ಹೋಗುತ್ತದೆ. ನೋವಿನಿಂದ ಊಟ ಬಿಡುವ, ರಾತ್ರಿ ನಿದ್ದೆಗೆಡುವ ಮಗುವಿಗೆ ‘ಇದು ಬಿದ್ದುಹೋಗುವ ಹಲ್ಲು’ ಎಂದರೆ ಯಾವ ಸಮಾಧಾನ?

ಹಾಗಾದರೆ ಹುಳು ಇದೆಯೆ, ಇಲ್ಲವೆ? ಇದ್ದರೆ ಎಲ್ಲಿಂದ ಬಂತು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಮನುಷ್ಯ ಮೂರು ನಾಲ್ಕು ಸಾವಿರ ವರ್ಷ ಅಲೆದಿದ್ದಾನೆ. ಆ ಅಲೆದಾಟದ ಕಥೆಯನ್ನು ತಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಬ್ಯಾಬಿಲೋನಿಯದ ಮಣ್ಣಿನ ಹಲಗೆಯೊಂದರ ಮೇಲೆ ಹಲ್ಲುನೋವಿನ ಮಂತ್ರವೊಂದು ದೊರೆತಿದೆ. ಅದರಲ್ಲಿ ಒಂದು ಪುಟ್ಟ ಪುರಾಣವೇ ಉಂಟು. ಸೃಷ್ಟಿಯ ಕೊನೆಯಲ್ಲಿ ಕೆಸರಿನಿಂದ ಹುಟ್ಟಿದ ಹುಳು ದೇವತೆಗಳ ಬಳಿಗೆ ಅಳುತ್ತ ಹೋಗಿ, ತಿನ್ನಲು ಏನು ಕೊಡುವಿರೆಂದು ಕೇಳಿತಂತೆ. ದೇವತೆಗಳು ಮಾಗಿದ ಅಂಜೂರವನ್ನು ಕೊಡಲು ಬಂದರು. ಹುಳು ಅದನ್ನು ಒಲ್ಲದೆ, ಮನುಷ್ಯನ ಹಲ್ಲು ವಸಡುಗಳ ನಡುವೆ ನನಗೆ ಮನೆ ಕೊಡಿ ಎಂದು ಬೇಡಿತು. ನಮ್ಮ ಸುಶ್ರುತ ಸಂಹಿತೆಯಲ್ಲಿಯೂ ಹಲ್ಲಿನ ರೋಗಗಳ ಸಾಲಿನಲ್ಲಿ ‘ಕ್ರಿಮಿದಂತಕ’ ಎಂಬುದು ಬರುತ್ತದೆ. ಕಪ್ಪಗಾಗಿ ತೂತು ಬಿದ್ದು ಅಲುಗಾಡುವ ಹಲ್ಲು ಅದು. ರೋಮಿನಲ್ಲಿ ಮೊದಲನೆಯ ಶತಮಾನದ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್, ವಿಷಗಿಡವೊಂದರ ಬೀಜವನ್ನು ಕೆಂಡಕ್ಕೆ ಹಾಕಿ ಅದರ ಹೊಗೆಯನ್ನು ಬಾಯಿಗೆ ಹಿಡಿದರೆ ಹುಳುಗಳು ಉದುರುತ್ತವೆ ಎಂದು ಬರೆದಿಟ್ಟ. ಆ ಬೀಜ ಸುಟ್ಟಾಗ ಸಣ್ಣ ಬಿಳಿಯ ಮೊಳಕೆಯಂಥದು ಹೊರಚಾಚುತ್ತದೆ. ನೋಡಿದವರಿಗೆ ಹುಳುವಿನ ಹಾಗೆಯೇ ಕಾಣುತ್ತದೆ. ಹೊಗೆಯಲ್ಲಿ ನೋವು ಮರೆಸುವ ಗುಣವೂ ಇತ್ತು. ನೋವೂ ತಗ್ಗಿತು, ಬೋಗುಣಿಯಲ್ಲಿ ಹುಳುವೂ ಕಂಡಿತು. ಇನ್ನು ನಂಬದಿರುವುದು ಹೇಗೆ? ಸಂತೆ ಜಾತ್ರೆಗಳಲ್ಲಿ ಹಲ್ಲಿನ ಹುಳು ತೆಗೆದು ತೋರಿಸುವ ಅಲೆಮಾರಿ ವೈದ್ಯರು ನಮ್ಮ ದೇಶದಲ್ಲಿಯೂ ಬಹುಕಾಲ ಬಾಳಿದ್ದು ಇಂಥ ಕೈಚಳಕದಿಂದಲೇ.

ಈ ನಂಬಿಕೆಯನ್ನು ಮೊದಲು ಅಲುಗಾಡಿಸಿದವನು ವೈದ್ಯನಲ್ಲ. ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಒಬ್ಬ ಜವಳಿ ವ್ಯಾಪಾರಿ, ಆಂಟನಿ ವಾನ್ ಲೀವೆನ್‌ಹುಕ್. ಬಟ್ಟೆಯ ಎಳೆ ನೋಡುವ ಮಸೂರದಿಂದ ಆರಂಭಿಸಿ, ತಾನೇ ಗಾಜು ಉಜ್ಜಿ, ಲೋಕ ಕಾಣದ ಸೂಕ್ಷ್ಮದರ್ಶಕಗಳನ್ನು ಮಾಡಿಕೊಂಡಿದ್ದ ಈತ 1683ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಒಂದು ಕಾಗದ ಬರೆದ. ತಾನು ದಿನವೂ ಉಪ್ಪಿನಿಂದ ಹಲ್ಲುಜ್ಜಿ, ಬಟ್ಟೆಯಿಂದ ಒರೆಸಿಕೊಳ್ಳುವವನಾದರೂ ಹಲ್ಲಿನ ಸಂದಿಯಲ್ಲಿ ಬಿಳಿಯ ಹಿಟ್ಟಿನಂಥ ಪಾಚಿ ನಿಲ್ಲುತ್ತದೆ. ಅದನ್ನು ಮಳೆನೀರಿನಲ್ಲಿ ಕದಡಿ ನೋಡಿದರೆ ಪುಟ್ಟ ಪುಟ್ಟ ಜೀವಿಗಳು ಚೆಂದವಾಗಿ ಓಡಾಡುತ್ತಿವೆ ಎಂದು ಅದರಲ್ಲಿ ವರ್ಣಿಸಿದ. ಜನ್ಮದಲ್ಲಿ ಹಲ್ಲುಜ್ಜದ ಮುದುಕನ ಬಾಯನ್ನೂ ನೋಡಿದ. ನಮ್ಮ ವಿಷಯಕ್ಕೆ ಮುಖ್ಯವಾದದ್ದು, ಸುಮಾರು ಎಂಟು ವರ್ಷದ ಮಗುವಿನ ಬಾಯನ್ನೂ ನೋಡಿದ್ದು. ಮಗುವಿನ ಎಂಜಲಿನಲ್ಲಿ ಅವನಿಗೆ ಏನೂ ಕಾಣಲಿಲ್ಲ. ಹಲ್ಲಿನ ಸಂದಿಯಿಂದ ತೆಗೆದ ಪಾಚಿಯಲ್ಲಿ ಜೀವಿಗಳು ತುಂಬಿದ್ದವು. ಅವು ತೇಲಿಕೊಂಡು ಇರುವುದಿಲ್ಲ, ಹಲ್ಲಿಗೆ ಅಂಟಿಕೊಂಡು ಸಂಸಾರ ಹೂಡುತ್ತವೆ ಎಂಬ ದೊಡ್ಡ ಸಂಗತಿ ಆ ಒಂದು ನೋಟದಲ್ಲಿಯೇ ಇತ್ತು. ಆದರೆ ಅವಕ್ಕೂ ಹುಳುಕಿಗೂ ಸಂಬಂಧವಿದ್ದೀತೆಂದು ಲೀವೆನ್‌ಹುಕ್ ಹೇಳಲಿಲ್ಲ.

ಹದಿನೇಳು ವರ್ಷಗಳ ಮೇಲೆ, 1700ರಲ್ಲಿ, ಹೊಗೆ ಹಾಕಿ ಹಲ್ಲಿನಿಂದ ತೆಗೆದದ್ದೆನ್ನಲಾದ ಹುಳುಗಳನ್ನು ಅವನ ಪರೀಕ್ಷೆಗೆ ಕಳುಹಿಸಿದರು. ಮಸೂರದಡಿಯಲ್ಲಿ ಅವನ್ನು ನೋಡಿದ ಲೀವೆನ್‌ಹುಕ್, ಹಳೆಯ ಚೀಸಿನಲ್ಲಿ ಹುಟ್ಟುವ ಹುಳುಗಳನ್ನು ತರಿಸಿ ಪಕ್ಕದಲ್ಲಿಟ್ಟು ಹೋಲಿಸಿ, ಇವೆರಡೂ ಒಂದೇ ಎಂದ. ಹಲ್ಲಿನ ಹುಳು ಎಂದು ಊರೂರು ಹೇಳುತ್ತಿದ್ದುದು ಚೀಸಿನ ಹುಳು! ಮುಂದೆ 1728ರಲ್ಲಿ ಪ್ಯಾರಿಸಿನ ಪಿಯರ್ ಫೋಶಾರ್ ಹಲ್ಲಿನ ವೈದ್ಯವನ್ನು ಕುರಿತು ತನ್ನ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದಾಗ, ತಾನೂ ಹುಡುಕಿದೆ, ಹುಳು ಕಾಣಲಿಲ್ಲ ಎಂದು ಬರೆದು, ಮಿಠಾಯಿ ತಿನ್ನುವವರಿಗೆ ಎಚ್ಚರಿಕೆಯನ್ನೂ ಹೇಳಿದ.

ಮಿಠಾಯಿ ತಿನ್ನುವವರು ಆಗ ಶ್ರೀಮಂತರು ಮಾತ್ರ. ನಮ್ಮ ‘ಶರ್ಕರಾ’ ಅರಬರ ಬಾಯಲ್ಲಿ ‘ಸುಕ್ಕರ್’ ಆಗಿ ಯೂರೋಪನ್ನು ಸೇರಿದ ಪದಾರ್ಥ. ಅಲ್ಲಿ ಶತಮಾನಗಳ ಕಾಲ ಔಷಧಿಯ ಹಾಗೆ ಗುಲಗಂಜಿ ತೂಕದಲ್ಲಿ ಬಳಕೆಯಾಗುತ್ತಿತ್ತು. ವೆಸ್ಟ್ ಇಂಡೀಸಿನ ಕಬ್ಬಿನ ತೋಟಗಳಲ್ಲಿ ಗುಲಾಮರ ಬೆವರಿನಿಂದ ಅದು ಅಗ್ಗವಾಯಿತು. ಬ್ರಿಟನ್ನಿನಲ್ಲಿ 1874ರಲ್ಲಿ ಸಕ್ಕರೆಯ ಮೇಲಿನ ಸುಂಕವನ್ನೇ ತೆಗೆದುಹಾಕಿದ ಮೇಲೆ ಬಡವರ ಮನೆಯ ಚಹಾಕ್ಕೂ ಬ್ರೆಡ್ಡಿಗೂ ಅದೇ ಜೊತೆಗಾರ. ಫಲ ಕಾಣಲು ಹೆಚ್ಚು ಕಾಲ ಬೇಕಾಗಲಿಲ್ಲ. ಬೋಯರ್ ಯುದ್ಧದ ಕಾಲದಲ್ಲಿ, ಎಂದರೆ 1899ರಿಂದ 1902ರವರೆಗೆ, ಸೈನ್ಯಕ್ಕೆ ಸೇರಲು ಬಂದ ತರುಣರಲ್ಲಿ ಅನೇಕರನ್ನು ಹಲ್ಲು ಸರಿಯಿಲ್ಲವೆಂದು ಹಿಂದಕ್ಕೆ ಕಳುಹಿಸಬೇಕಾಯಿತು. ಹಳೆಯ ಎಲುಬುಗೂಡುಗಳ ಹಲ್ಲಿನ ಮೇಲೆ ಕಲ್ಲಾಗಿ ನಿಂತ ಪಾಚಿಯಿಂದ ಜೀವಾಣುಗಳ ವಂಶದ್ರವ್ಯವನ್ನು ತೆಗೆದು ನೋಡಿದ ಸಂಶೋಧನೆಯೊಂದು 2013ರಲ್ಲಿ ಪ್ರಕಟವಾಯಿತು. ಯೂರೋಪಿನವರ ಬಾಯಿಯ ಜೀವಾಣು ಸಮಾಜ ಎರಡು ಸಲ ಬದಲಾಯಿತೆಂದು ಅದು ತೋರಿಸಿತು: ಬೇಸಾಯ ಬಂದಾಗ ಒಮ್ಮೆ, ಕೈಗಾರಿಕೆಯ ಯುಗದ ಹಿಟ್ಟು ಸಕ್ಕರೆಗಳು ಬಂದಾಗ ಇನ್ನೊಮ್ಮೆ. ಹಲ್ಲು ಹುಳುಕು ಮಾಡುವ ಜಾತಿಗಳು ಬಾಯಿಯಲ್ಲಿ ಯಜಮಾನಿಕೆ ಪಡೆದದ್ದು ಈ ಎರಡನೆಯ ಸಲ.

ಈಗ ಕಥೆಯ ನಾಯಕರಲ್ಲೊಬ್ಬನನ್ನು ತಮಗೆ ಪರಿಚಯ ಮಾಡಿಕೊಡಬೇಕು. ವಿಲೋಬಿ ಡೇಟನ್ ಮಿಲ್ಲರ್ 1853ರಲ್ಲಿ ಅಮೆರಿಕದ ಓಹಾಯೊ ಪ್ರಾಂತ್ಯದಲ್ಲಿ ಹುಟ್ಟಿದವನು. ಓದಿದ್ದು ಗಣಿತ ಮತ್ತು ಭೌತಶಾಸ್ತ್ರ. ಹೆಚ್ಚಿನ ವ್ಯಾಸಂಗಕ್ಕೆಂದು ಯೂರೋಪಿಗೆ ಬಂದು ಬರ್ಲಿನ್ನಿನಲ್ಲಿದ್ದಾಗ ಫ್ರಾಂಕ್ ಆಬಟ್ ಎಂಬ ಅಮೆರಿಕನ್ ದಂತವೈದ್ಯನ ಸ್ನೇಹವಾಯಿತು. ಆತನ ಮಗಳನ್ನೂ ಕೈಹಿಡಿದ, ಆತನ ವೃತ್ತಿಯನ್ನೂ ಹಿಡಿದ. ಅದು ರಾಬರ್ಟ್ ಕಾಕ್ ಬರ್ಲಿನ್ನಿನಲ್ಲಿ ಕ್ಷಯದ ಕ್ರಿಮಿಯನ್ನು ಕಂಡುಹಿಡಿದು ಲೋಕವನ್ನೇ ಬೆರಗುಗೊಳಿಸಿದ ಕಾಲ. ಒಂದೊಂದು ರೋಗಕ್ಕೂ ಒಂದೊಂದು ಕ್ರಿಮಿಯುಂಟು ಎಂದು ಎಲ್ಲರೂ ಬೇಟೆಗೆ ಹೊರಟಿದ್ದರು. ಕಾಕ್‌ನ ಬಳಿ ಕ್ರಿಮಿಗಳನ್ನು ಬೆಳೆಸುವ ವಿದ್ಯೆ ಕಲಿತ ಮಿಲ್ಲರ್ ಹಲ್ಲಿನ ಕಡೆಗೆ ತಿರುಗಿದ.

ಅವನ ಪ್ರಯೋಗಗಳು ಅಡಿಗೆಮನೆಯಲ್ಲಿ ಮಾಡಬಹುದಾದಷ್ಟು ಸರಳ. ಕಿತ್ತ ಹಲ್ಲುಗಳನ್ನು ಎಂಜಲಿನಲ್ಲಿ ಹಾಕಿ, ಜೊತೆಗೆ ಬ್ರೆಡ್ಡಿನ ಚೂರನ್ನೋ ಸಕ್ಕರೆಯನ್ನೋ ಸೇರಿಸಿ, ಮೈಯಷ್ಟೇ ಬಿಸಿಯಲ್ಲಿ ಇಟ್ಟ. ಎಂಜಲು ಹುಳಿಯಾಗಿ, ದಿನಗಳೆದಂತೆ ಹಲ್ಲಿನ ಸುಣ್ಣ ಕರಗಿ ಮೆತ್ತಗಾಯಿತು. ಬ್ರೆಡ್ಡಿನ ಬದಲು ಮಾಂಸ ಹಾಕಿದರೆ ಹಲ್ಲು ಇದ್ದ ಹಾಗೇ ಇತ್ತು. ಬ್ರೆಡ್ಡಿರುವ ಎಂಜಲನ್ನೇ ಮೊದಲು ಕುದಿಸಿ ಜೀವಾಣುಗಳನ್ನು ಕೊಂದಿಟ್ಟರೆ ಆಗಲೂ ಏನೂ ಆಗಲಿಲ್ಲ. ಹಾಲು ಮೊಸರಾಗುವುದಕ್ಕೆ ಹೆಪ್ಪೂ ಬೇಕು, ಹಾಲೂ ಬೇಕು, ಇಲ್ಲಿಯೂ ಹಾಗೆ. ಬಾಯಿಯ ಜೀವಾಣು ಹೆಪ್ಪು, ಪಿಷ್ಟ ಸಕ್ಕರೆಗಳು ಹಾಲು, ಹುಟ್ಟುವ ಆಮ್ಲ ಹಲ್ಲನ್ನು ತಿನ್ನುವ ಹುಳು. 1890ರಲ್ಲಿ ಇಂಗ್ಲಿಷಿನಲ್ಲಿ ಬಂದ ಅವನ ಗ್ರಂಥದಲ್ಲಿ ಈ ವಾದವೆಲ್ಲ ಉಂಟು. ಒಂದು ರೋಗಕ್ಕೆ ಒಂದು ಕ್ರಿಮಿ ಎಂಬ ಆ ಕಾಲದ ಉತ್ಸಾಹಕ್ಕೆ ಮಾತ್ರ ಮಿಲ್ಲರ್ ಮಣಿಯಲಿಲ್ಲ. ಹಲ್ಲು ಕೆಡಿಸುವ ಕ್ರಿಮಿ ಇಂಥದೊಂದೇ ಎಂದು ಹೇಳಲಾಗದು. ಆಮ್ಲ ಮಾಡಬಲ್ಲವು ಬಾಯಿಯಲ್ಲಿ ಹಲವಿವೆ ಎಂದ. ತವರಿಗೆ ಮರಳಿ ಮಿಷಿಗನ್ನಿನ ದಂತವೈದ್ಯ ಶಾಲೆಯ ಮುಖ್ಯಸ್ಥನಾಗಬೇಕೆಂದು 1907ರಲ್ಲಿ ಅಮೆರಿಕಕ್ಕೆ ಹೋದವನು ಅಪೆಂಡಿಸೈಟಿಸ್ ಕಾಯಿಲೆಯಿಂದ ಅದೇ ವರ್ಷ ತೀರಿಕೊಂಡ. ತಾನು ಹೇಳಿದ ಆ ಕೊನೆಯ ಮಾತು ನೂರು ವರ್ಷಗಳ ಮೇಲೆ ಗೆಲ್ಲುವುದನ್ನು ಅವನು ಹೇಗೆ ತಾನೆ ಊಹಿಸಿಯಾನು?

ಮಿಲ್ಲರನ ಸೂತ್ರದಲ್ಲಿ ಎರಡು ಭಾಗಗಳಿದ್ದವು: ಜೀವಾಣು, ಸಕ್ಕರೆ. ಲೋಕ ಮೊದಲನೆಯದನ್ನು ಕೈಗೆತ್ತಿಕೊಂಡು ಎರಡನೆಯದನ್ನು ಬದಿಗಿರಿಸಿತು. ಕಾರಣ ಊಹಿಸುವುದು ಕಷ್ಟವಲ್ಲ. ಬ್ರಷ್ಷು ಪೇಸ್ಟುಗಳನ್ನು ಮಾರಬಹುದು. ಸಕ್ಕರೆ ಕಡಮೆ ತಿನ್ನಿರೆಂಬ ಮಾತನ್ನು ಯಾರು ಕೊಂಡಾರು?

1924ರಲ್ಲಿ ಲಂಡನ್ನಿನ ಕಿಲಿಯನ್ ಕ್ಲಾರ್ಕ್ ಎಂಬ ವಿಜ್ಞಾನಿ ಹುಳುಕು ಹಲ್ಲುಗಳ ಆಳದಿಂದ ಮಣಿಸರದಂತೆ ಸಾಲುಗಟ್ಟುವ ಒಂದು ಜೀವಾಣುವನ್ನು ಬೇರ್ಪಡಿಸಿದ. ಅದು ದುಂಡಗಿರಬೇಕಾದಲ್ಲಿ ಕೆಲವೊಮ್ಮೆ ಕೋಳಿಮೊಟ್ಟೆಯಂತೆ ಉದ್ದವಾಗುತ್ತಿತ್ತು. ರೂಪ ಬದಲಿಸುವ ಗುಣದಿಂದ ಅದಕ್ಕೆ ‘ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್’ ಎಂದು ನಾಮಕರಣವಾಯಿತು. ಆದರೆ ಆಗ ಎಲ್ಲರ ಕಣ್ಣೂ ಮೊಸರಿನ ಬಳಗದ ಇನ್ನೊಂದು ಜೀವಾಣುವಿನ ಮೇಲಿತ್ತು. ಕ್ಲಾರ್ಕನ ಶೋಧನೆ ಕಪಾಟು ಸೇರಿ ಸುಮಾರು ನಾಲ್ವತ್ತು ವರ್ಷ ಅಲ್ಲಿಯೇ ಉಳಿಯಿತು.

ಆ ನಡುವೆ ಎರಡನೆಯ ಮಹಾಯುದ್ಧ ಬಂದಿತು. ಯಾರೂ ಬಯಸಿ ಮಾಡಲಾರದ ಪ್ರಯೋಗವೊಂದನ್ನು ಯುದ್ಧವೇ ಮಾಡಿಬಿಟ್ಟಿತು. ಜಪಾನಿನಲ್ಲಿ ತಲೆಗೆ ವರ್ಷಕ್ಕೆ ಸುಮಾರು 15 ಕಿಲೋಗ್ರಾಂ ಇದ್ದ ಸಕ್ಕರೆಯ ಬಳಕೆ 1946ರ ಹೊತ್ತಿಗೆ 0.2 ಕಿಲೋಗ್ರಾಮಿಗೆ ಇಳಿಯಿತು. ನಾರ್ವೆಯಲ್ಲಿಯೂ ಸಕ್ಕರೆಗೆ ರೇಷನ್. ಎರಡು ದೇಶಗಳಲ್ಲಿಯೂ ಮಕ್ಕಳ ಹುಳುಕು ಹಲ್ಲುಗಳು ಕಣ್ಣಿಗೆ ಹೊಡೆಯುವಷ್ಟು ಕಡಮೆಯಾದವು. ಯುದ್ಧ ಮುಗಿದು ಸಕ್ಕರೆ ಮರಳಿ ಬಂದಾಗ ಹುಳುಕೂ ಮರಳಿ ಬಂತು. ಮಕ್ಕಳ ಬಾಯಿಯ ಜೀವಾಣುಗಳಿಗೆ ಯಾರೂ ಯುದ್ಧ ಸಾರಿರಲಿಲ್ಲ. ಅವುಗಳ ರೇಷನ್ ನಿಂತಿತ್ತು, ಅಷ್ಟೆ.

ಸ್ವೀಡನ್ನಿನ ಕಥೆಯನ್ನು ಹೇಳುವಾಗ ಮನಸ್ಸು ಹಿಂಜರಿಯುತ್ತದೆ. ಲುಂಡ್ ನಗರದ ವಿಪೆಹೋಮ್ ಆಸ್ಪತ್ರೆ ಬುದ್ಧಿ ಬೆಳೆಯದವರನ್ನು ಇರಿಸುತ್ತಿದ್ದ ಸ್ಥಳ. 1945ರಲ್ಲಿ ಆರಂಭವಾದ ಪ್ರಯೋಗದಲ್ಲಿ ಅಲ್ಲಿಯ ರೋಗಿಗಳಿಗೆ ವರ್ಷಗಟ್ಟಲೆ ಬಗೆಬಗೆಯಾಗಿ ಸಕ್ಕರೆ ತಿನ್ನಿಸಿ ನೋಡಲಾಯಿತು. ಕೆಲವರಿಗೆ ಊಟದ ಜೊತೆಯಲ್ಲಿ; ಕೆಲವರಿಗೆ ಹಲ್ಲಿಗೆ ಅಂಟುವಂತೆಯೇ ತಯಾರಿಸಿದ ಟಾಫಿ, ದಿನಕ್ಕೆ 24ರಷ್ಟು, ಊಟಗಳ ನಡುವೆ. ಅವರು ಒಪ್ಪಿಗೆ ಕೊಡಬಲ್ಲವರಾಗಿರಲಿಲ್ಲ. ಅವರನ್ನು ಯಾರೂ ಕೇಳಲೂ ಇಲ್ಲ. ಹಣ ಕೊಟ್ಟವರಲ್ಲಿ ಸಕ್ಕರೆ ಮತ್ತು ಮಿಠಾಯಿ ಉದ್ಯಮದವರೂ ಇದ್ದರು. ಊಟದೊಂದಿಗೆ ಸಕ್ಕರೆ ತಿಂದವರಿಗೆ ಹೆಚ್ಚು ಕೇಡಾಗಲಿಲ್ಲ. ನಡುನಡುವೆ ಟಾಫಿ ತಿಂದವರ ಹಲ್ಲುಗಳು ಹಾಳಾದವು. ಎಷ್ಟು ತಿಂದರೆನ್ನುವುದಕ್ಕಿಂತ ಎಷ್ಟು ಸಲ ತಿಂದರೆನ್ನುವುದು ದೊಡ್ಡದು ಎಂಬ ಪಾಠ 1954ರಲ್ಲಿ ಪ್ರಕಟವಾದ ಆ ವರದಿಯಿಂದ ಹೊರಟಿತು. ಇಂದು ಯಾವ ದೇಶದಲ್ಲಿಯೂ ಅಂಥ ಪ್ರಯೋಗಕ್ಕೆ ಅನುಮತಿ ಸಿಗದು, ಸಿಗಲೂ ಬಾರದು. ಆದರೆ ನಮ್ಮ ಮಕ್ಕಳಿಗೆ ‘ಆಗಾಗ ತಿನ್ನಬೇಡ’ ಎಂದು ಹೇಳುವಾಗಲೆಲ್ಲ ನಾವು ಆ ಮೂಕರ ಹಲ್ಲುನೋವಿಗೆ ಋಣಿಗಳು. ಆಮೇಲೆ ಸ್ವೀಡನ್ನಿನ ಆರೋಗ್ಯ ಇಲಾಖೆ ಮಕ್ಕಳಿಗೆ ಮಿಠಾಯಿಯನ್ನು ವಾರದಲ್ಲಿ ಒಂದೇ ದಿನ ಕೊಡಿರೆಂದು ಸಾರಿತು. ‘ಶನಿವಾರದ ಮಿಠಾಯಿ’ ಅಲ್ಲಿ ಮನೆಮನೆಯ ಪದ್ಧತಿಯಾಯಿತು.

ಆಗಾಗ ತಿಂದರೆ ಏಕೆ ಕೇಡೆಂಬುದಕ್ಕೆ ಅಮೆರಿಕದ ರಾಬರ್ಟ್ ಸ್ಟೀಫನ್ 1940ರ ದಶಕದಲ್ಲಿ ಕಾರಣ ತೋರಿಸಿದ್ದ. ಸಕ್ಕರೆಯ ನೀರು ಹಲ್ಲಿನ ಪಾಚಿಗೆ ತಾಕಿದ ಕೆಲವೇ ನಿಮಿಷಗಳಲ್ಲಿ ಅಲ್ಲಿ ಹುಳಿ ಏರುತ್ತದೆ. ಎಂಜಲು ಅದನ್ನು ತೊಳೆದು ಹದಕ್ಕೆ ತರಲು ಅರ್ಧ ಗಂಟೆಯೋ ಅದಕ್ಕೂ ಹೆಚ್ಚೋ ಹಿಡಿಯುತ್ತದೆ. ಆ ಬಿಡುವಿನಲ್ಲಿ ಎಂಜಲಿನೊಳಗಿನ ಸುಣ್ಣ ಹಲ್ಲಿಗೆ ಮರಳುತ್ತದೆ. ಗಂಟೆಗೊಂದು ಪೆಪ್ಪರ್‌ಮಿಂಟು ಬಾಯಿಗೆ ಬೀಳುವ ಮಗುವಿನ ಹಲ್ಲಿಗೆ ಆ ಬಿಡುವು ಸಿಗುವುದೇ ಇಲ್ಲ.

ವಿಪೆಹೋಮ್ ವರದಿ ಬಂದ ವರ್ಷವೇ ಜೀವಾಣುಗಳ ಕಡೆಯ ವಾದಕ್ಕೂ ಬಲವಾದ ಸಾಕ್ಷಿ ದೊರೆಯಿತು. ಅಮೆರಿಕದ ನಾಟರ್‌ಡೇಮ್ ವಿಶ್ವವಿದ್ಯಾನಿಲಯದಲ್ಲಿ ಒಂದು ಕ್ರಿಮಿಯೂ ಸೋಕದಂತೆ ಮುಚ್ಚಿದ ಪಂಜರಗಳಲ್ಲಿ ಇಲಿಗಳನ್ನು ಸಾಕುತ್ತಿದ್ದರು. ಫ್ರಾಂಕ್ ಆರ್ಲೆಂಡ್ ಮತ್ತು ಸಂಗಡಿಗರು ಆ ಇಲಿಗಳಿಗೆ ಸಕ್ಕರೆ ತುಂಬಿದ ಆಹಾರ ಕೊಟ್ಟರು. ಹಲ್ಲು ಹುಳುಕಲಿಲ್ಲ. ಅದೇ ಆಹಾರ ತಿಂದ ಸಾಮಾನ್ಯ ಇಲಿಗಳ ಹಲ್ಲು ಹುಳುಕಿದವು. ಸಕ್ಕರೆಯಿಲ್ಲದ ಜೀವಾಣು ನಿರಪರಾಧಿ, ಜೀವಾಣುವಿಲ್ಲದ ಸಕ್ಕರೆಯೂ ನಿರಪರಾಧಿ. ಇಬ್ಬರೂ ಕೂಡಿದರೆ ಕಳ್ಳತನ.

ಇದಕ್ಕಿಂತಲೂ ವಿಚಿತ್ರವಾದದ್ದು ಪಾಲ್ ಕೀಸ್ 1960ರಲ್ಲಿ ಪ್ರಕಟಿಸಿದ ಪ್ರಯೋಗ. ಅಮೆರಿಕದ ಸರ್ಕಾರಿ ದಂತ ಸಂಶೋಧನ ಸಂಸ್ಥೆಯಲ್ಲಿ ಅವನು ಹ್ಯಾಮ್‌ಸ್ಟರ್ ಎಂಬ ಇಲಿಯ ಜಾತಿಯ ಪ್ರಾಣಿಗಳನ್ನು ಸಾಕಿದ್ದ. ಒಂದು ಗುಂಪಿನವಕ್ಕೆ ಎಷ್ಟು ಸಕ್ಕರೆ ಕೊಟ್ಟರೂ ಹಲ್ಲು ಕೆಡುತ್ತಿರಲಿಲ್ಲ. ಹುಟ್ಟುಗುಣ, ವಂಶದ ಪುಣ್ಯ ಎಂದೇ ಎಲ್ಲರೂ ತಿಳಿಯಬಹುದಾಗಿತ್ತು. ಹಲ್ಲು ಕೆಟ್ಟ ಗುಂಪಿನ ಪ್ರಾಣಿಗಳ ಜೊತೆ ಅವನ್ನು ಒಂದೇ ಪಂಜರದಲ್ಲಿ ಬಿಟ್ಟಾಗ ಅವುಗಳ ಹಲ್ಲೂ ಹುಳುಕಿದವು. ಇನ್ನೊಂದು ಕಡೆ, ಹಲ್ಲು ಕೆಡುವ ಗುಂಪಿನ ತಾಯಂದಿರಿಗೆ ಪೆನಿಸಿಲಿನ್ ಕೊಟ್ಟು ಆ ಜೀವಾಣುಗಳನ್ನು ತೊಡೆದರೆ ಮರಿಗಳ ಹಲ್ಲು ಚೆನ್ನಾಗಿಯೇ ಉಳಿದವು. ವಂಶಪಾರಂಪರ್ಯವೆಂದು ತೋರುತ್ತಿದ್ದುದು ತಾಯಿಯಿಂದ ಮರಿಗೆ ದಾಟಿದ ಸೋಂಕು! ಆ ಜೀವಾಣು ಯಾವುದೆಂದು ಬೆನ್ನಟ್ಟಿದಾಗ 1960ರ ದಶಕ ಮುಗಿಯುವುದರೊಳಗೆ ಕ್ಲಾರ್ಕನ ಮರೆತುಹೋದ ಮ್ಯೂಟನ್ಸ್ ಕಪಾಟಿನಿಂದ ಎದ್ದು ಬಂತು. ಅದಕ್ಕೆ ಸಕ್ಕರೆಯಿಂದ ಅಂಟು ನೇಯುವ ವಿದ್ಯೆ ಗೊತ್ತು. ಆ ಅಂಟಿನಿಂದ ಹಲ್ಲಿಗೆ ಕಚ್ಚಿಕೊಳ್ಳುತ್ತದೆ. ತಾನು ಮಾಡಿದ ಹುಳಿಯಲ್ಲಿ ಇತರ ಜೀವಾಣುಗಳು ಸಾಯುವಾಗ ತಾನು ಬದುಕಿಕೊಳ್ಳುತ್ತದೆ.

ಮನುಷ್ಯರಲ್ಲಿಯೂ ಹಾಗೆಯೇ? 1993ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಪೇಜ್ ಕಾಫೀಲ್ಡ್ ಮತ್ತು ಸಂಗಡಿಗರು ಹುಟ್ಟಿದಂದಿನಿಂದ ಮಕ್ಕಳನ್ನು ಕಾದು ನೋಡಿ, ಈ ಜೀವಾಣು ಮಕ್ಕಳ ಬಾಯಲ್ಲಿ ನೆಲೆಯೂರುವುದು ಹೆಚ್ಚಾಗಿ 19ರಿಂದ 31 ತಿಂಗಳೊಳಗೆ, ಸರಿಸುಮಾರು 26ನೆಯ ತಿಂಗಳಲ್ಲಿ ಎಂದು ಕಂಡರು. ಹಲ್ಲು ಬರುವ ಮೊದಲೇ ಬರುವುದೂ ಉಂಟೆಂದು ಆಮೇಲಿನವರು ತೋರಿಸಿದ್ದಾರೆ. ಮಗುವಿನ ಬಾಯಿಯ ತಳಿಯೂ ತಾಯಿಯ ಬಾಯಿಯ ತಳಿಯೂ ಎಷ್ಟೋ ಸಲ ಒಂದೇ ಆಗಿರುತ್ತವೆ. ಸ್ವೀಡನ್ನಿನ ಗಾಟೆನ್‌ಬರ್ಗ್ ನಗರದಲ್ಲಿ 1980ರ ದಶಕದಲ್ಲಿ ಬಿರ್ಗಿಟ್ಟಾ ಕೋಲರ್ ಮತ್ತು ಜೊತೆಯವರು ಚೊಚ್ಚಲ ತಾಯಂದಿರ ಹುಳುಕು ಹಲ್ಲುಗಳಿಗೆ ಚಿಕಿತ್ಸೆ ಮಾಡಿ, ಬಾಯಿಯ ಜೀವಾಣುಗಳನ್ನು ತಗ್ಗಿಸಿದಾಗ, ಅವರ ಮಕ್ಕಳಿಗೆ ಸೋಂಕು ತಡವಾಗಿ ಬಂತು, ಹುಳುಕೂ ಕಡಮೆಯಾಯಿತು.

ನಮ್ಮ ಮನೆಗಳಲ್ಲಿ ಎಂಜಲಿನ ವಿಚಾರದಲ್ಲಿ ಎಷ್ಟು ಕಟ್ಟುನಿಟ್ಟು! ಲೋಟವನ್ನು ತುಟಿಗೆ ಸೋಕಿಸದೆ ಎತ್ತಿ ಕುಡಿಯುವುದನ್ನು ಮಕ್ಕಳಿಗೆ ಕಲಿಸುತ್ತೇವೆ. ಆದರೆ ಕೂಸಿನ ಬಳಿಗೆ ಬಂದಾಗ ಆ ಕಟ್ಟು ತಾನಾಗಿ ಸಡಿಲುತ್ತದೆ. ತುತ್ತು ಬಿಸಿಯೇ ಎಂದು ತಾಯಿ ತನ್ನ ತುಟಿಗೆ ತಾಕಿಸಿ ನೋಡುತ್ತಾಳೆ. ಅಜ್ಜಿ ಬಾದಾಮಿಯನ್ನು ತಾನು ಅಗಿದು ಮೆತ್ತಗೆ ಮಾಡಿ ಕೊಡುತ್ತಾಳೆ. ಅಂಗಿಯ ಅಂಚಿನಲ್ಲಿ ಮಿಠಾಯಿ ಮುಚ್ಚಿ ಕಚ್ಚಿ, ‘ಕಾಗೆ ಎಂಜಲು’ ಎಂದು ಪಾಲು ಮಾಡಿಕೊಂಡ ನೆನಪು ನಮ್ಮಲ್ಲಿ ಯಾರಿಗಿಲ್ಲ? ಜೀವಾಣು ದಾಟುವುದು ಇಂಥ ದಾರಿಗಳಲ್ಲಿಯೇ. ಹಾಗೆಂದು ಕೆಲವರು ತಾಯಿ ಮಗುವಿಗೆ ಮುತ್ತಿಡಬಾರದು, ಒಂದೇ ಚಮಚ ಬಳಸಬಾರದು ಎಂದು ದೊಡ್ಡ ಪಟ್ಟಿ ಬರೆದರು. ಮಗುವಿನ ಹಲ್ಲು ಕೆಟ್ಟಿದೆಯೆ? ಅಪರಾಧಿ ತಾಯಿ! ಈ ತೀರ್ಮಾನವನ್ನು ನಾನು ಒಪ್ಪಲಾರೆ. ಸೋಂಕು ತಂದೆಯಿಂದಲೂ ಬರುತ್ತದೆ, ಅಣ್ಣ ತಮ್ಮಂದಿರಿಂದಲೂ, ಆಟದ ಗೆಳೆಯರಿಂದಲೂ ಬರುತ್ತದೆ. ಇಂದಲ್ಲ ನಾಳೆ ಬಂದೇ ಬರುವ ಅತಿಥಿ ಅದು. ಬಂದವನಿಗೆ ಏನು ಬಡಿಸುತ್ತೇವೆ ಎಂಬುದು ಬೇರೆಯ ಪ್ರಶ್ನೆ. ಅದಕ್ಕೆ ಉತ್ತರ ಕೊಡಬೇಕಾದವರಲ್ಲಿ ಮನೆಯ ಗಂಡಸರೂ ಬೀದಿಯ ಅಂಗಡಿಯೂ ಸೇರುತ್ತವೆ.

ಮ್ಯೂಟನ್ಸಿಗೆ ಲಸಿಕೆ ಹಾಕಿ ಹುಳುಕನ್ನೇ ಅಳಿಸಬಹುದೆಂದು 1960ರ ದಶಕದ ಕೊನೆಯಿಂದ ಕೋತಿಗಳ ಮೇಲೆ ಪ್ರಯೋಗಗಳು ನಡೆದವು. ಜನರ ಬಳಕೆಗೆ ಅದು ಬರಲಿಲ್ಲ. ಆಮೇಲೆ ಜೀವಾಣುಗಳನ್ನು ವಂಶದ್ರವ್ಯದಿಂದಲೇ ಗುರುತಿಸುವ ವಿದ್ಯೆ ಬಂದು ನೋಡಿದರೆ, ಹಲ್ಲು ಕೆಟ್ಟ ಮಕ್ಕಳಲ್ಲಿ ಕೆಲವರ ಬಾಯಿಯಲ್ಲಿ ಮ್ಯೂಟನ್ಸ್ ಇಲ್ಲವೇ ಇಲ್ಲ, ಬೇರೆ ಆಮ್ಲಕಾರಿಗಳಿವೆ. ಮ್ಯೂಟನ್ಸ್ ಇದ್ದೂ ಹಲ್ಲು ಗಟ್ಟಿಯಾಗಿರುವ ಮಕ್ಕಳೂ ಇದ್ದಾರೆ. ಇಂಗ್ಲೆಂಡಿನ ಫಿಲಿಪ್ ಮಾರ್ಷ್ 1990ರ ದಶಕದಲ್ಲಿ ಇದಕ್ಕೊಂದು ಚೌಕಟ್ಟು ಕೊಟ್ಟ: ಪಾಚಿಯೆಂಬುದು ಒಂದು ತೋಟ, ಪದೇಪದೇ ಸಕ್ಕರೆ ಸುರಿದು ಹುಳಿ ಮಾಡಿದರೆ ಹುಳಿ ತಾಳುವ ಕಳೆಗಳೇ ಬೆಳೆಯುತ್ತವೆ. ಮಿಲ್ಲರ್ 1890ರಲ್ಲಿ ಹೇಳಿದ್ದರ ಬಳಿಗೇ ಸುತ್ತಿ ಬಂದ ಹಾಗಾಯಿತು.

ಎಳೆಯ ಕೂಸುಗಳ ವಿಚಾರಕ್ಕೆ ವಿಶೇಷವಾಗಿ ಗಮನ ಸೆಳೆದವನು ಎಲಿಯಾಸ್ ಫಾಸ್ ಎಂಬ ಅಮೆರಿಕನ್ ದಂತವೈದ್ಯ. ಹಾಲಿನ ಸೀಸೆಯನ್ನು ಬಾಯಲ್ಲಿಟ್ಟುಕೊಂಡೇ ನಿದ್ದೆಹೋಗುವ ಮಕ್ಕಳ ಮೇಲಿನ ಮುಂಭಾಗದ ಹಲ್ಲುಗಳು ಬೇಗನೆ ನಾಶವಾಗುವುದನ್ನು 1962ರಲ್ಲಿ ಬರೆದು, ಅದಕ್ಕೆ ಸೀಸೆಯ ಹೆಸರನ್ನೇ ಇಟ್ಟ. ನಿದ್ದೆಯಲ್ಲಿ ಎಂಜಲು ಊರುವುದು ಬಹಳ ಕಡಮೆ. ತೊಳೆಯುವ ನೀರೇ ಇಲ್ಲದ ಹೊತ್ತಿನಲ್ಲಿ ಸಿಹಿಹಾಲು ಹಲ್ಲಿನ ಸುತ್ತ ಮಡುಗಟ್ಟಿ ನಿಲ್ಲುತ್ತದೆ. ಕೆಳಗಿನ ಮುಂಭಾಗದ ಹಲ್ಲುಗಳನ್ನು ನಾಲಿಗೆ ಮುಚ್ಚಿರುವುದರಿಂದ ಅವು ಉಳಿದುಕೊಳ್ಳುತ್ತವೆ. ಸೀಸೆಯೊಂದನ್ನೇ ದೂರುವುದು ಸರಿಯಲ್ಲವೆಂದು 1990ರ ದಶಕದಲ್ಲಿ ಆ ಹೆಸರನ್ನು ಬಿಟ್ಟು, ಎಳವೆಯ ದಂತಕ್ಷಯವೆಂಬ ಅರ್ಥದ ಹೆಸರನ್ನು ವೈದ್ಯಲೋಕ ಒಪ್ಪಿತು. ಜೇನು ಅದ್ದಿದ ನಿಪ್ಪಲು, ಸಕ್ಕರೆ ಬೆರೆಸಿದ ಹಾಲು, ಕೈಯಲ್ಲಿ ಸದಾ ಇರುವ ಬಿಸ್ಕತ್ತು, ಇವುಗಳಿಗೂ ಪಾಲು ಸಲ್ಲಬೇಕಷ್ಟೆ.

ಈ ಎಲ್ಲಕ್ಕೂ ಎದುರಾಗಿ ಇಡಬಹುದಾದದ್ದು ಆಸ್ಟ್ರೇಲಿಯದ ಹೋಪ್‌ವುಡ್ ಹೌಸಿನ ಕಥೆ. ನ್ಯೂ ಸೌತ್ ವೇಲ್ಸಿನ ಬೌರಲ್ ಊರಿನ ಹತ್ತಿರ 1942ರಲ್ಲಿ ಬೈಲಿ ಎಂಬ ವರ್ತಕ, ಯುದ್ಧಕಾಲದಲ್ಲಿ ನೆಲೆತಪ್ಪಿದ ತಾಯಂದಿರ ಕೂಸುಗಳಿಗಾಗಿ ಈ ಮನೆಯನ್ನು ತೆರೆದ. ಸುಮಾರು 80 ಮಕ್ಕಳು. ಊಟದಲ್ಲಿ ಮಾಂಸವಿಲ್ಲ, ತೌಡು ತೆಗೆಯದ ಗೋಧಿ, ಹಾಲು, ತರಕಾರಿ, ಹಣ್ಣು, ಸಕ್ಕರೆ ಇಲ್ಲವೆನ್ನುವಷ್ಟು ಕಡಮೆ. 1947ರಿಂದ 1962ರವರೆಗೆ ದಂತವೈದ್ಯರು ವರ್ಷವರ್ಷವೂ ಆ ಮಕ್ಕಳ ಬಾಯಿ ನೋಡಿದರು. ಈ ಮಕ್ಕಳು ಹಲ್ಲುಜ್ಜುವುದರಲ್ಲಿ ಶೂರರಲ್ಲ. ಹಲವರ ವಸಡು ಕೆಂಪಾಗಿ ಊದಿರುತ್ತಿತ್ತು. ಕುಡಿಯುವ ನೀರಿನಲ್ಲಿ ಫ್ಲೋರೈಡಿನ ರಕ್ಷಣೆಯೂ ಇರಲಿಲ್ಲ. ಆದರೂ ಅದೇ ಪ್ರಾಂತ್ಯದ ಶಾಲೆಗಳ ಮಕ್ಕಳ ಹಲ್ಲುಗಳೊಡನೆ ಹೋಲಿಸಿದರೆ ಇವರಲ್ಲಿ ಹುಳುಕು ಅಲ್ಪ. ಒಂದು ಹಲ್ಲೂ ಕೆಡದ ಮಕ್ಕಳು ಎಷ್ಟೋ ಮಂದಿ. ಹನ್ನೆರಡು ಹದಿಮೂರು ವರ್ಷವಾಗಿ ಮನೆಯ ಕಟ್ಟು ಸಡಿಲಿ ಹೊರಗಿನ ತಿಂಡಿಗೆ ಕೈಹಾಕಿದ ಮೇಲೆ ಅವರ ಹಲ್ಲೂ ಎಲ್ಲರ ಹಲ್ಲಿನಂತೆಯೇ ಕೆಡತೊಡಗಿತು. ಬಾಲ್ಯದ ಪಥ್ಯ ಹಲ್ಲನ್ನು ಜೀವಮಾನಕ್ಕೆ ವಜ್ರ ಮಾಡಿರಲಿಲ್ಲ. ಇದ್ದಷ್ಟು ದಿನ ಕಾದಿತ್ತು.

ಫ್ಲೋರೈಡ್ ಎಂದೆನಲ್ಲ, ಅದರ ವಿಚಾರವಾಗಿ ಒಂದು ಮಾತು. ಹಲ್ಲಿಗೆ ಸುಣ್ಣ ಮರಳಿ ಸೇರಲು ಅದು ನೆರವಾಗುತ್ತದೆ. ಅಮೆರಿಕದ ಗ್ರ್ಯಾಂಡ್ ರ್‍ಯಾಪಿಡ್ಸ್ ನಗರ 1945ರಲ್ಲಿ ಕುಡಿಯುವ ನೀರಿಗೇ ಅದನ್ನು ಬೆರೆಸತೊಡಗಿತು. ಆದರೆ ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ಕೊಳವೆಬಾವಿಗಳಲ್ಲಿ ಅದು ಬೇಡವಾದಷ್ಟು ಉಂಟು. ಮಕ್ಕಳ ಹಲ್ಲಿನಲ್ಲಿ ಕಂದು ಮಚ್ಚೆಗಳು ಅದರದೇ ಗುರುತು. ಆದ್ದರಿಂದ ಅಲ್ಲಿಯವರು ಊರಿನ ನೀರನ್ನು ತಿಳಿದವರಲ್ಲಿ ವಿಚಾರಿಸಿ ನಡೆಯಬೇಕು. ಬೇರೆ ಕಡೆ ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟು, ದೊಡ್ಡವರ ಕೈಯಿಂದ, ದಿನಕ್ಕೆರಡು ಸಲ ಎಂಬುದು ದಂತವೈದ್ಯರ ಸಲಹೆ; ರಾತ್ರಿ ಮಲಗುವ ಮುನ್ನಿನದು ತಪ್ಪಬಾರದು.

ಮನೆಯಲ್ಲಿ ಕೂಸಿದ್ದರೆ ಬೆಳಕಿನಲ್ಲಿ ಅದರ ಮೇಲ್ದುಟಿಯನ್ನು ಬೆರಳಿನಿಂದ ಮೆಲ್ಲಗೆ ಎತ್ತಿ ನೋಡಿರಿ. ಮುಂಭಾಗದ ಹಲ್ಲುಗಳಲ್ಲಿ ವಸಡಿನ ಅಂಚಿಗೆ ಸುಣ್ಣ ಬಳಿದಂತೆ ಕಾಂತಿಯಿಲ್ಲದ ಬಿಳಿಯ ಗೆರೆ ಕಂಡರೆ ಅದು ಹುಳುಕಿನ ಮೊದಲ ಹೆಜ್ಜೆ. ಅದು ಕಂದಾಗಿ ಗುಳಿ ಬೀಳುವ ಮೊದಲು, ಆ ಬಿಳಿಯ ಹಂತದಲ್ಲಿಯೇ ದಂತವೈದ್ಯರ ಬಳಿಗೆ ಹೋದರೆ ಸೂಜಿಯೂ ಬೇಡ, ಕೊರೆಯುವ ಯಂತ್ರವೂ ಬೇಡ. ಹಲ್ಲಿಗೆ ಬಳಿಯುವ ಫ್ಲೋರೈಡಿನ ಲೇಪ ಮತ್ತು ರಾತ್ರಿಯ ಸಿಹಿಹಾಲಿನ ಸೀಸೆಯನ್ನು ಬಿಡಿಸುವುದರಿಂದ ಆ ಗೆರೆ ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತದೆ.